ಕಾಗದಕ್ಕೆ ಬಾರದ ಕೈ

೨ ಮೇ ೧೯೭೭, ಸೋಮವಾರ
ಶಹಾಬಾದ್

ಮದುವೆಯಾಗಿ ಇವತ್ತಿಗೆ ಎಂಟು ದಿನ! ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಇಂಗ್ಲಿಷಿನಲ್ಲಿ ದಿನಚರಿ ಬರೆದೆ. ಪ್ರತಿ ಶನಿವಾರ ಸಿಸ್ಟರ್ ಅದನ್ನು ಓದಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದರು. ಹಾಗಾಗಿ ಅದರಲ್ಲಿ ನಾನು ಯಾವಾಗಲೂ ಒಳ್ಳೆಯ ಹುಡುಗಿ. ಇದು ಕನ್ನಡದಲ್ಲಿ, ಯಾರಿಗೂ ತೋರಿಸುವುದಕ್ಕಲ್ಲ. ಇಲ್ಲಿ ಇವರ ಹೆಸರನ್ನೂ ಬರೆಯಬಹುದು! ಬಾಯಿ ಬಿಟ್ಟು ಹೇಳಿದರೆ ಅತ್ತೆ ಹುಬ್ಬು ಗಂಟಿಕ್ಕುತ್ತಾರೆ. ಗೊಲ್ಲಾಳಪ್ಪ. ಗೊಲ್ಲಾಳಪ್ಪ. ಅಜ್ಜನ ಹೆಸರಿದ್ದ ಹಾಗಿದೆ ಎಂದು ಗೆಳತಿಯರೆಲ್ಲ ನಕ್ಕಿದ್ದರು. ಈಗ ನನಗೆ ಜಗತ್ತಿನಲ್ಲಿ ಬೇರೆ ಹೆಸರೇ ಇಲ್ಲ.

ಈ ಮನೆಯಲ್ಲಿ ನೆಲ, ಚಾವಣಿ, ಕಪಾಟು ಎಲ್ಲ ಫರಸಿಯದು, ಇಲ್ಲಿನ ಗಣಿಯ ಚಪ್ಪಡಿ ಕಲ್ಲು. ಹಿತ್ತಲಿಗೆ ಹೊಂದಿಕೊಂಡೇ ಕಲ್ಲು ಪಾಲಿಶ್ ಮಾಡುವ ಅಂಗಳ. ಮಾವ ತೀರಿಕೊಂಡ ಮೇಲೆ ಅದನ್ನು ಅತ್ತೆ ಮಹಾದೇವಮ್ಮನವರೇ ನಡೆಸುತ್ತಾರೆ. ಇವರದು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆ ಬರುತ್ತಾರೆ.

ಮತ್ತು ಇವರು ಸಂಶೋಧಕರು! ಮೂರನೆಯ ದಿನ ಕಪಾಟಿನಿಂದ ಅಂಗೈಯಗಲದ ಗಾಜೊಂದನ್ನು ತಂದು, ಸುಡುವ ಬಿಸಿಲಲ್ಲಿ ಕಲ್ಲಿನ ಮೇಲಿಟ್ಟು, ಬ್ಯಾಟರಿಯ ತಂತಿ ಮುಟ್ಟಿಸಿದರು. ಏನೂ ಇಲ್ಲದ ಗಾಜಿನಲ್ಲಿ ಕಪ್ಪಗೆ ‘೫’ ಎದ್ದಿತು. ತಂತಿ ತೆಗೆದರೆ ಮಾಯ! ನಾನು ಕೂಗಿಯೇಬಿಟ್ಟೆ. ಎರಡು ಗಾಜಿನ ನಡುವೆ ಕೂದಲೆಳೆಯಷ್ಟು ಜಾಗ, ಅದರಲ್ಲಿ ಬಣ್ಣ ಬೆರೆಸಿದ ಒಂದು ವಿಚಿತ್ರ ದ್ರವ. ಬೇರೆಯವರು ಮಾಡಿದ ಇಂಥ ಗಾಜು ನಮ್ಮ ಬೇಸಿಗೆಗೆ ಬೆಳ್ಳಗಾಗಿ ಸಾಯುತ್ತದಂತೆ, ಇವರದು ಸಾಯುವುದಿಲ್ಲ. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಬಿಸಿಲಿಗೆ ಬಣ್ಣ ಹೋದ ಬೋರ್ಡು ಓದಲಾಗದೆ, ಊರಿನ ಗಾಡಿ ಬಿಟ್ಟು ಬೇರೆ ಗಾಡಿ ಹತ್ತಿ ರಾಯಚೂರಿಗೆ ಹೋಗಿ ಇಳಿದರಂತೆ. ಅಲ್ಲಿಂದ ಹುಟ್ಟಿದ್ದು ಇದು. ಇಂಥವರನ್ನು ಪ್ರೀತಿಸದೆ ಇರುವುದು ಹೇಗೆ?

೫ ಮೇ, ಗುರುವಾರ

ಗುಟ್ಟು! ಇವರಿಗೂ ಗೊತ್ತಿಲ್ಲದ ಗುಟ್ಟು!

ದ್ರವ ತುಂಬುವ ಮೊದಲು ಗಾಜುಗಳನ್ನು ಒರೆಸಿ ಕಪಾಟಿನಲ್ಲಿಡುವವಳು ಲಾಲಮ್ಮ. ಮೂವತ್ತು ವರ್ಷದಿಂದ ಇಲ್ಲಿ ಕಲ್ಲು ಉಜ್ಜುತ್ತಿದ್ದಾಳೆ, ಇವರನ್ನು ಎತ್ತಿ ಆಡಿಸಿದವಳು. ಇವತ್ತು ನೋಡುತ್ತೇನೆ, ಕಲ್ಲು ತೊಳೆಯುವ ತೊಟ್ಟಿಯ ಕೆಸರು ನೀರಿನಲ್ಲಿ ಅದ್ದಿದ ಹರಕು ಧೋತರದ ಚೂರು! ಅದರಿಂದ ಆ ಗಾಜು!

“ಲಾಲಮ್ಮ, ಇನ್ಮ್ಯಾಲೆ ನಾ ಒರಸ್ತೀನಿ. ಇವರಿಗಿ ಹೇಳಬ್ಯಾಡ” ಎಂದೆ.

“ಆಯ್ತು ಸಣ್ಣವ್ವಾ. ನನ್ನ ರಟ್ಟಿಗೂ ಆರಾಮ” ಎಂದು ಚೂರನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ಹೊಸ ಟರ್ಕಿ ಟವೆಲು, ಸ್ಪಿರಿಟ್ಟು. ಶಾಲೆಗೆ ಬಂದ ಬಹುಮಾನದ ಬೆಳ್ಳಿ ಕಪ್ಪುಗಳನ್ನು ಸಿಸ್ಟರ್ ಉಜ್ಜಿಸುತ್ತಿದ್ದ ಹಾಗೆ ಸುತ್ತಸುತ್ತ ಉಜ್ಜಿದೆ, ನನ್ನ ಮುಖ ಕಾಣುವವರೆಗೆ. ಹೊಸ ಗಾಜುಗಳು ಹೊಳೆದಾಗ ಹೇಳುತ್ತೇನೆ, ಇದರಲ್ಲಿ ನಿಮ್ಮ ಹೆಂಡತಿಯ ಕೈಯೂ ಇದೆ ಎಂದು!

೧೧ ಮೇ, ಬುಧವಾರ

ಹೈದರಾಬಾದಿನಿಂದ ಪೇಟೆಂಟ್ ಏಜೆಂಟ್ ಅಬ್ದುಲ್ ಸಲಾಂ ಸಾಹೇಬರ ಕಾಗದ ಬಂತು. ನನ್ನ ಇಂಗ್ಲಿಷ್ ಚೆನ್ನಾಗಿದೆಯೆಂದು ಇವರು ನನ್ನಿಂದಲೇ ಓದಿಸಿದರು.

ಹೋದ ವರ್ಷ ಮಾರ್ಚ್ ೨೨ಕ್ಕೆ ಮದ್ರಾಸಿನ ಪೇಟೆಂಟ್ ಕಚೇರಿಯಲ್ಲಿ ಕೊಟ್ಟದ್ದು ತಾತ್ಕಾಲಿಕ ವಿವರಣೆ ಮಾತ್ರ. ಪೂರ್ಣ ವಿವರಣೆಗೆ ಒಂದು ವರ್ಷದ ಗಡುವು. ಅದೂ ಮುಗಿದು, ಕೇಳಿ ಪಡೆದ ಮೂರು ತಿಂಗಳೂ ಜೂನ್ ೨೨ಕ್ಕೆ ಮುಗಿಯುತ್ತದೆ. ಆಮೇಲೆ ಒಂದು ದಿನವೂ ಸಿಗದು, ಅರ್ಜಿ ಬಿಟ್ಟುಕೊಟ್ಟ ಹಾಗೆ. ಮುಂಬಯಿಯ ಒಂದು ಕಂಪನಿ ಇದರ ಹಿಂದೆಯೇ ಬಿದ್ದಿದೆಯೆಂದು ಅಲ್ಲಿಂದ ಗಾಜು ಕಳಿಸುವ ಇವರ ಗೆಳೆಯ ಬರೆದಿದ್ದಾನೆ.

ಸಾಹೇಬರು ಬರೆದ ಮಾತು ಹೀಗಿದೆ: “ಸರ್ಕಾರ ಹದಿನಾಲ್ಕು ವರ್ಷದ ಹಕ್ಕು ಕೊಡುವುದು ಒಂದು ಶರತ್ತಿನ ಮೇಲೆ. ನಿಮಗೆ ತಿಳಿದಿರುವುದನ್ನೆಲ್ಲ ಬರೆಯಬೇಕು. ವಿಷಯ ಬಲ್ಲ ಇನ್ನೊಬ್ಬರು ನಿಮ್ಮನ್ನು ನೋಡದೆ, ಕಾಗದವನ್ನಷ್ಟೇ ಓದಿ, ಅದನ್ನು ಮಾಡುವಂತಿರಬೇಕು. ನಿಮ್ಮ ಕರಡು ಓದಿದರೆ ನೀವೇನೋ ಮುಚ್ಚಿಟ್ಟಿದ್ದೀರಿ ಅನ್ನಿಸುತ್ತದೆ. ಜೂನ್ ೨೦ರಂದು ಮದ್ರಾಸಿಗೆ ಹೋಗುವಾಗ ವಾಡಿಯಲ್ಲಿ ಗಾಡಿ ಬದಲಿಸುತ್ತೇನೆ. ಮಗಳು ತಾಜುನ್ನಿಸಾ ಜೊತೆಗಿರುತ್ತಾಳೆ, ರಸಾಯನಶಾಸ್ತ್ರ ಓದಿದವಳು. ನಿಮ್ಮ ಕಾಗದ ನೋಡಿ ಅವಳು ಗಾಜು ಮಾಡಲಿ. ಆಯಿತೆಂದರೆ ಒಯ್ಯುತ್ತೇನೆ. ಆಗದಿದ್ದರೆ ಆ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ.”

ಇವರು ನಕ್ಕರು. “ಮುಚ್ಚಿಡ್ಲಿಕ್ಕ ನನ್ನ ಹತ್ರ ಏನದ? ಎಲ್ಲಾ ಬರ್ದೀನಿ. ಹದಿನೆಂಟು ಪುಟ!”

೧೬ ಮೇ, ಸೋಮವಾರ

ನಿನ್ನೆ ಭಾನುವಾರ ಇವರು ನಾಲ್ಕು ಗಾಜು ತುಂಬಿದರು. ನಾಲ್ಕರಲ್ಲೂ ಅಂಕಿ ಇಲ್ಲ. ತಂತಿ ಮುಟ್ಟಿಸಿದರೆ ಹಾಲು ಚೆಲ್ಲಿದಂತೆ ಬೆಳ್ಳನೆಯ ಮೋಡ, ಅದರಲ್ಲಿ ಅಲ್ಲಲ್ಲಿ ಕಪ್ಪು ಕಲೆ.

ದ್ರವದ ಬಾಟಲಿ ಅಲುಗಾಡಿರಬೇಕು ಎಂದರು. ನಾನು ಟವೆಲನ್ನು ಟ್ರಂಕಿನ ತಳದಲ್ಲಿಟ್ಟೆ. ಯಾಕೆ ಇಟ್ಟೆನೋ.

೨೪ ಮೇ, ಮಂಗಳವಾರ

ಮತ್ತೆ ನಾಲ್ಕು. ಮತ್ತೆ ಮೋಡ. ಈ ಸಲ ಇನ್ನೂ ಜೋರಾಗಿ ಉಜ್ಜಿದ್ದೆ.

ಅಂದು ನನಗೆ ತೋರಿಸಿದ ಫೆಬ್ರುವರಿಯ ಹಳೆಯ ಗಾಜು ಮಾತ್ರ ಈಗಲೂ ‘೫’ ತೋರಿಸುತ್ತದೆ. ಇವರು ಅದನ್ನು ದಿಟ್ಟಿಸುತ್ತಾ ಕೂತಿರುತ್ತಾರೆ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ.

ನೀರು ತರಲು ಹಿತ್ತಲಿಗೆ ಹೋದಾಗ ಗೋಡೆಯಾಚೆ ಪಕ್ಕದ ಮನೆಯ ಗುಂಡಮ್ಮ ಅತ್ತೆಗೆ ಹೇಳುತ್ತಿದ್ದಳು: “ಹೊಸ ಸೊಸಿ ಹೊಸ್ತಿಲ ದಾಟಿದ ಮ್ಯಾಲೆ ಒಂದು ಗಾಜೂ ಹತ್ತಿಲ್ಲಂತಲ್ಲಾ ಮಹಾದೇವಮ್ಮ. ಕಾಲ್ಗುಣ ನೋಡಬೇಕಿತ್ತವ್ವಾ.” ಅಷ್ಟರಲ್ಲಿ ಕಲ್ಲು ಕೊಯ್ಯುವ ಯಂತ್ರ ಶುರುವಾಯಿತು. ಅತ್ತೆ ಏನು ಉತ್ತರ ಕೊಟ್ಟರೋ ಕೇಳಲಿಲ್ಲ. ಬಾಯಿ ಆಡುತ್ತಿದ್ದದ್ದು ಮಾತ್ರ ಕಂಡಿತು.

ಕಾನ್ವೆಂಟಿನಲ್ಲಿ ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಕಲಿಸಿದ್ದರು. ಆದರೂ ಕಾಲು ಮಡಚಿ ಸೀರೆಯೊಳಗೆ ಅಡಗಿಸಿಕೊಂಡು ಕೂತಿದ್ದೇನೆ. ಅತ್ತೆ ಏನು ಹೇಳಿರಬಹುದು?

೨೭ ಮೇ, ಶುಕ್ರವಾರ

ನನ್ನ ಕಾಲಲ್ಲ ಎಂದು ತೋರಿಸಬೇಕು. ಬೇರೆ ಏನಾದರೂ ಕಾರಣ ಸಿಗಲೇಬೇಕು. ಹಾಗಾಗಿ ಬರೆದಿಡುತ್ತೇನೆ.

ಹಳೆಯ ಗಾಜು: ತುಂಬಿದ್ದು ಫೆಬ್ರುವರಿ. ಒಂದನೆಯ ಬಾಟಲಿ. ಆ ದಿನದ ಬಿಸಿ ೩೪ ಡಿಗ್ರಿ.
ಮೇ ೧೫ರವು: ಒಂದನೆಯ ಬಾಟಲಿ. ೪೩ ಡಿಗ್ರಿ.
ಮೇ ೨೨ರವು: ಎರಡನೆಯ ಬಾಟಲಿ, ಸೀಲು ಒಡೆದದ್ದು ಅಂದೇ. ೪೪ ಡಿಗ್ರಿ.

ಬಿಸಿಯೇ ಕಾರಣವೆಂದುಕೊಂಡೆ. ಆದರೆ ಹಳೆಯ ಗಾಜು ಇವತ್ತು ಮಧ್ಯಾಹ್ನ ೪೪ರಲ್ಲೂ ಕಪ್ಪಗಿತ್ತು. ಬಾಟಲಿಯೂ ಅಲ್ಲ. ಹಾಗಾದರೆ ಫೆಬ್ರುವರಿಗೂ ಮೇಗೂ ನಡುವೆ ಈ ಮನೆಯಲ್ಲಿ ಬದಲಾದದ್ದು ಏನು?

ನಾನು.

ಇಲ್ಲಿಗೆ ನಿಲ್ಲಿಸುತ್ತೇನೆ.

೧ ಜೂನ್, ಬುಧವಾರ

ಸಂಜೆ ಇವರು ಹದಿನೆಂಟು ಪುಟವನ್ನೂ ಕಲ್ಲಿನ ಮೇಲೆ ಹರಡಿಕೊಂಡು, “ನಾನೇ ಮಾಡಿದ್ದು, ನಾನೇ ಬರ್ದಿದ್ದು. ನಾನೇ ಓದಿ ಮಾಡಿದ್ರ ಆಗವಲ್ದು. ಸಲಾಂ ಸಾಹೇಬ್ರು ಅಂದದ್ದು ಖರೇ ಅದ, ಈ ಕಾಗದದಾಗ ಏನೋ ಇಲ್ಲ. ಏನಿಲ್ಲ ಅಂತ ನನಗೇ ಗೊತ್ತಿಲ್ಲ ವನಮಾಲಾ” ಎಂದರು. ಹನ್ನೆರಡನೆಯ ಪುಟ ನನ್ನ ಕಾಲ ಬಳಿಯೇ ಇತ್ತು. ಅದರಲ್ಲಿ ಒಂದೇ ಸಾಲು: ‘ಗಾಜನ್ನು ಬಟ್ಟೆಯಿಂದ ಚೊಕ್ಕವಾಗಿ ಒರೆಸತಕ್ಕದ್ದು.’

ಬಾಯಿ ತೆರೆದೆ. “ಮಜ್ಜಿಗಿ ತರಲೇನ್ರಿ?” ಎಂದೆ.

೩ ಜೂನ್, ಶುಕ್ರವಾರ

ಅಂಗಳದವರಿಗೆ ಮಜ್ಜಿಗೆ ಒಯ್ಯಲು ಅತ್ತೆ ಹೇಳಿದರು. ಲಾಲಮ್ಮ ಒಂದು ಕಲ್ಲಿನ ಕೊನೆಯ ಪಾಲಿಶ್ ಮಾಡುತ್ತಿದ್ದಳು. ನಾನು ಚೊಂಬು ಹಿಡಿದು ನಿಂತೇ ಇದ್ದೆ. ಕೈ ಎದೆಯಿಂದ ಆಚೆಗೆ ಹೋಗುತ್ತದೆ, ಕಲ್ಲಿನ ಅಂಚಿನಲ್ಲಿ ಮೇಲೇಳುತ್ತದೆ, ಗಾಳಿಯಲ್ಲೇ ವಾಪಸು ಬಂದು ಮತ್ತೆ ಎದೆಯ ಬಳಿ ಇಳಿಯುತ್ತದೆ. ಒಮ್ಮೆಯೂ ಕಲ್ಲಿನ ಮೇಲೆ ಹಿಂದಕ್ಕೆ ಬರುವುದಿಲ್ಲ.

“ಯಾಕ ಹಂಗ ಕೈ ಎತ್ತತಿ?”

“ಮತ್ತ? ಹ್ವಾದ ದಾರಿಲೇ ಕೈ ತಿರುಗಿ ಬಂದ್ರ ಕಲ್ಲ ಮಬ್ಬ ಆಗ್ತದ. ಸಂಜಿ ಬಿಸಲಿಗಿ ಹಿಡದ್ ನೋಡು, ಗೀರ ಕಾಣ್ತಾವ. ನಮ್ಮವ್ವ ಹಂಗ ಮಾಡಿದ್ರ ಬೆನ್ನಿಗಿ ಬಾರಸ್ತಿದ್ಳು.”

“ಗಾಜಿಗೂ ಹಿಂಗೇ ಒರಸ್ತಿದ್ದೇನು?”

“ನನಗ ಬ್ಯಾರೆ ಒರಸಲಿಕ್ಕ ಎಲ್ಲಿ ಬರ್ತದ ಸಣ್ಣವ್ವಾ?” ಎಂದು ನಕ್ಕು ಮಜ್ಜಿಗೆ ಕುಡಿದಳು.

ಮನೆಗೆ ಬಂದು ಮೂರು ಜೋಡಿ ಗಾಜು ತೆಗೆದೆ. ಒಂದನ್ನು ಟವೆಲಿನಿಂದ ಸುತ್ತಸುತ್ತ. ಇನ್ನೊಂದನ್ನು ಹಿಂದೆ ಮುಂದೆ. ಮೂರನೆಯದನ್ನು ಲಾಲಮ್ಮನ ಧೋತರದ ಚೂರು ಕೇಳಿ ತಂದು, ತೊಟ್ಟಿಯ ತಳದ ಮೆತ್ತನೆಯ ಕೆಸರು ಹಚ್ಚಿ, ಅವಳ ಹಾಗೆ. ಮೂಲೆಯಲ್ಲಿ ಸೀಮೆಸುಣ್ಣದ ಚುಕ್ಕೆ: ಒಂದು, ಎರಡು, ಮೂರು. ಭಾನುವಾರ ಇವರು ತುಂಬುತ್ತಾರೆ. ಮೂರನೆಯದು ಹತ್ತದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಎಂಥ ಹೆಂಡತಿ ನಾನು!

೬ ಜೂನ್, ಸೋಮವಾರ

ಒಂದು ಚುಕ್ಕೆ: ಮೋಡ.
ಎರಡು ಚುಕ್ಕೆ: ಮೋಡದಲ್ಲಿ ‘೫’ರ ನೆರಳು.
ಮೂರು ಚುಕ್ಕೆ: ಮೇಲಿನ ಅರ್ಧ ಕಪ್ಪು. ಕೆಳಗೆ ನನ್ನ ಕೈ ಸೋತು ಅಡ್ಡ ಹೋದಲ್ಲಿ ಮೋಡ.

ಇವರು ಮೂರನೆಯದನ್ನು ಹಿಡಿದು ಮಗುವಿನಂತೆ ನಕ್ಕರು. “ಎರಡನೇ ಬಾಟಲಿ ಕುಂತಷ್ಟು ಛಲೋ ಆಗ್ಲಿಕತ್ತದ!” ಎಂದು ಕಾಗದದಲ್ಲಿ ಬರೆದರು: ‘ದ್ರವವನ್ನು ಹದಿನೈದು ದಿನ ಇಟ್ಟು ಬಳಸತಕ್ಕದ್ದು.’ ಸುಳ್ಳು! ನಾನು ಸುಮ್ಮನಿದ್ದದ್ದಕ್ಕೆ ಕಾಗದದೊಳಗೆ ಸುಳ್ಳೊಂದು ಹೋಗಿ ಕೂತಿತು.

ಒಂದು ತಿಂಗಳು. ಹನ್ನೊಂದು ಗಾಜು. ಎಲ್ಲ ನನ್ನ ಕೈಯಿಂದ ಕೆಟ್ಟದ್ದು. ಕಾಲ್ಗುಣವಾಗಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಇದು ಅದಕ್ಕಿಂತ ಕೆಟ್ಟದ್ದು.

೭ ಜೂನ್, ಮಂಗಳವಾರ

ಹೇಳಲಿಲ್ಲ.

೮ ಜೂನ್, ಬುಧವಾರ

ಹೇಳಲಿಲ್ಲ. ಹೇಳಿದರೆ ತವರಿಗೆ ಕಳಿಸುತ್ತಾರೆಯೇ? ಬಯ್ಯದೆ ಸುಮ್ಮನಾದರೆ? ಅದೇ ಹೆಚ್ಚು ಹೆದರಿಕೆ. ಹಳೆಯ ಗಾಜನ್ನು ದಿಟ್ಟಿಸುವ ಹಾಗೆ ಇನ್ನು ಮುಂದೆ ನನ್ನನ್ನು ದಿಟ್ಟಿಸಿದರೆ? ಅಪ್ಪನಿಗೆ ಕಾಗದ ಬರೆಯಲು ಕೂತು ಹರಿದೆ.

ಇನ್ನು ಹದಿನಾಲ್ಕು ದಿನ.

೯ ಜೂನ್, ಗುರುವಾರ

ಹೇಳಿದೆ. ಇವರು ಬೂಟು ಬಿಚ್ಚುತ್ತಿದ್ದಾಗ. ಟವೆಲು, ಸ್ಪಿರಿಟ್ಟು, ಬೆಳ್ಳಿ ಕಪ್ಪು, ಮೂರು ಚುಕ್ಕೆ, ಎಲ್ಲ ಒಂದೇ ಉಸಿರಿಗೆ.

ಒಂದು ಕಾಲಲ್ಲಿ ಬೂಟು ಇದ್ದ ಹಾಗೆಯೇ ಎದ್ದು ಅಂಗಳಕ್ಕೆ ಹೋದರು. ನಾನು ಬಾಗಿಲ ಕಂಬ ಹಿಡಿದು ನಿಂತೆ. ಬೆಳಗ್ಗೆ ತವರಿನ ಕಡೆ, ಹೈದರಾಬಾದಿಗೆ ಎಷ್ಟು ಹೊತ್ತಿಗೆ ಗಾಡಿ ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು.

ಇವರು ಲಾಲಮ್ಮನ ಎದುರು ಕುಕ್ಕರಗಾಲಲ್ಲಿ ಕೂತರು. “ಲಾಲವ್ವ, ಗಾಜ ಹೆಂಗ ಒರಸ್ತಿದ್ದಿ?”

“ಹಿಂಗ.”

“ಹಿಂಗ ಅಂದ್ರ?”

“ಹಿಂಗ ಅಂದ್ರ ಹಿಂಗ. ಸಾಲಿ ಕಲ್ತವಗ ಇಷ್ಟೂ ತಿಳಿಯಾಂಗಿಲ್ಲೇನಪಾ?”

ಇವರು ತಿರುಗಿ ನನ್ನ ಕಡೆ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. “ನೀ ತೊಟ್ಟೀಲಿಂದ ಯಾವ ಕೆಸರು ತಗೊಂಡಿದ್ದಿ? ಮ್ಯಾಲಿಂದೋ ತಳದ್ದೋ?” ಎಂದರು.

“ತಳದ್ದು” ಎಂದೆ, ಮತ್ತು ಅತ್ತುಬಿಟ್ಟೆ.

ಬಟ್ಟಲು ತೊಳೆಯುತ್ತಿದ್ದ ಅತ್ತೆಗೂ ಎಲ್ಲ ಕೇಳಿಸಿತ್ತು. ಹತ್ತಿರ ಬಂದು, “ಅಳಬ್ಯಾಡ. ನನ್ನ ಲಗ್ನಾದ ವರ್ಷ ನಾ ಹೈದರಾಬಾದಿನ ದಿವಾಣಖಾನಿಗಿ ಹೋಗೋ ಕಲ್ಲಿನ ಮ್ಯಾಲೆ ಬಿಸಿ ಎಣ್ಣಿ ಚೆಲ್ಲಿದ್ದೆ. ಆ ಗುಂಡಮ್ಮಗ ಅಂದೀನಿ, ಇನ್ನೊಮ್ಮಿ ನಮ್ಮ ಸೊಸಿ ಕಾಲಿನ ಮಾತು ತಗದಿ ಅಂದ್ರ ನಿನ್ನ ಕಾಲಿಗಿ ಕಲ್ಲ ಕಟ್ತೀನಿ ಅಂತ” ಎಂದರು.

ಆ ದಿನ ಯಂತ್ರದ ಸದ್ದಿನಲ್ಲಿ ಆಡುತ್ತಿದ್ದ ಬಾಯಿ ಇದನ್ನೇ ಹೇಳುತ್ತಿತ್ತು! ಎರಡು ವಾರ ನಾನು ಎಂಥೆಂಥ ಮಾತುಗಳನ್ನು ಆ ಬಾಯಿಗೆ ತುಂಬಿದ್ದೆ.

೧೨ ಜೂನ್, ಭಾನುವಾರ

‘ಹಿಂಗ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದಾಗಿದೆ. ಇವರು ಹದಿನೈದು ದಿನದ ಸುಳ್ಳು ಸಾಲನ್ನು ಹೊಡೆದು ಹಾಕಿ ಹನ್ನೆರಡನೆಯ ಪುಟವನ್ನು ನನ್ನ ಕೈಗೆ ಕೊಟ್ಟರು.

ಎಷ್ಟು ಒತ್ತುತ್ತಾಳೆ? ಅವಳಿಗೆ ಗೊತ್ತಿಲ್ಲ. ಅಂಗಡಿಯ ತಕ್ಕಡಿ ತರಿಸಿ, ತಟ್ಟೆಯ ಮೇಲೆ ಗಾಜಿಟ್ಟು ಒರೆಸು ಎಂದೆ. “ನನ್ನ ಕೈ ತೂಗ್ತಿಯೇನವ್ವಾ? ಮಾರ್ತಿಯೇನು?” ಎಂದು ನಗುತ್ತಲೇ ಒರೆಸಿದಳು. ಮುಕ್ಕಾಲು ಕಿಲೋ. ಐದು ಸಲ ನೋಡಿದೆ, ಐದು ಸಲವೂ ಮುಕ್ಕಾಲು. ಎಷ್ಟು ಸಲ ಎಳೆಯುತ್ತಾಳೆ? “ಸದ್ದ ಬದಲಾಗೋ ಮಟ.” ಕಿವಿಗೊಟ್ಟು ಎಣಿಸಿದೆ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೊಂದು. ಮೊದಲು ಮರಳಿನ ಸದ್ದು, ಕೊನೆಗೆ ರೇಷ್ಮೆಯ ಸದ್ದು. ಕೆಸರು ಒಂದು ರಾತ್ರಿ ತಳಕ್ಕಿಳಿದಿರಬೇಕು. ಬಟ್ಟೆ ಹತ್ತಾರು ಸಲ ಒಗೆದ ಧೋತರವಾಗಿರಬೇಕು. ಹೊಸದು ಆಗದು.

ಅವಳು ಒರೆಸಿದ ಎರಡು ಗಾಜು ತುಂಬಿದೆವು. ಎರಡರಲ್ಲೂ ಐದು, ಇದ್ದಿಲಿನಷ್ಟು ಕಪ್ಪು. ನಮ್ಮ ಬಳಿ ಇನ್ನು ಉಳಿದಿರುವುದು ಎರಡೇ ಜೋಡಿ ಗಾಜು. ಮುಂಬಯಿಯಿಂದ ಬೇರೆ ಬರುವಷ್ಟು ಸಮಯವಿಲ್ಲ.

೨೦ ಜೂನ್, ಸೋಮವಾರ
ವಾಡಿ ಜಂಕ್ಷನ್, ವೇಟಿಂಗ್ ರೂಮ್

ಮದ್ರಾಸ್ ಮೇಲ್ ಹೋಯಿತು. ಮನೆಗೆ ಹೋಗುವ ಗಾಡಿ ತಡ. ಮರೆಯುವ ಮೊದಲು ಬರೆಯುತ್ತೇನೆ.

ಹೈದರಾಬಾದಿನ ಗಾಡಿ ಸೇಡಂ, ಚಿತ್ತಾಪುರ ದಾಟಿ ಬರುವಾಗಲೇ ತಡವಾಗಿತ್ತು. ಸಲಾಂ ಸಾಹೇಬರು ಬಿಳಿ ಗಡ್ಡದವರು, ತೆಳ್ಳಗೆ. ತಾಜುನ್ನಿಸಾ ನನ್ನ ವಯಸ್ಸಿನವಳೇ, ಕೈಯಲ್ಲಿ ಟೈಪ್‌ರೈಟರ್. ಮೇಲ್ ಬರಲು ಮೂರು ಗಂಟೆ ಇತ್ತು. ಲಾಲಮ್ಮ ಗಾಜಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು, ಬೇರೆ ಯಾರಿಗೂ ಕೊಡಲೊಲ್ಲಳು.

“ಈಗ ನೀವು ಮೂರೂ ಮಂದಿ ಅಲ್ಲಿ ಕುಂದ್ರಿ. ಒಂದ್ ಲಫ್ಜ್ ಮಾತಾಡಬ್ಯಾಡ್ರಿ. ಮಾತಾಡೋದೆಲ್ಲಾ ಕಾಗದದ್ದು” ಎಂದರು ಸಾಹೇಬರು.

ತಾಜುನ್ನಿಸಾ ಮೊದಲಿನಿಂದ ಓದಿದಳು. ಹನ್ನೆರಡನೆಯ ಪುಟವನ್ನು ಎರಡು ಸಲ. ಬಟ್ಟೆ ಅದ್ದಿದಳು, ತಕ್ಕಡಿ ಮೇಲೆ ಒತ್ತು ನೋಡಿಕೊಂಡಳು, ಗಾಜಿನ ಮೇಲೆ ಒಂದೇ ದಿಕ್ಕಿಗೆ ಎಳೆದಳು. ಆಮೇಲೆ ಬಟ್ಟೆಯನ್ನು ಹಗುರವಾಗಿ ಗಾಜಿನ ಮೇಲೇ ಹಿಂದಕ್ಕೆ ಜಾರಿಸಿದಳು. ಮತ್ತೆ ಎಳೆದಳು. ಮತ್ತೆ ಜಾರಿಸಿದಳು.

ನಾನು ಅರ್ಧ ಎದ್ದಿದ್ದೆ. “ಅಲ್ಲ, ಕೈ...”

“ಬೇಟಿ,” ಸಾಹೇಬರು ಮೆಲ್ಲಗೆ ಹೇಳಿದರು, “ಈ ಕಾಗದ ಎಲ್ಲೆಲ್ಲಿ ಹೋಗ್ತದ ಅಲ್ಲೆಲ್ಲಾ ನೀವೂ ಜೋಡಿ ಹೋಗ್ತೀರೇನು?”

ಕೂತೆ. ಲಾಲಮ್ಮ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು. “ಸದ್ದ ಸರಿ ಇಲ್ಲ” ಎಂದು ಗೊಣಗಿದಳು. ಅವಳಿಗೂ ಬೆರಳು ತೋರಿಸಿ ಸುಮ್ಮನಾಗಿಸಿದರು.

ಗಾಜು ತುಂಬಿ, ಚಿಮ್ಮಟದಲ್ಲಿ ಹಿಡಿದು, ತಂತಿ ಮುಟ್ಟಿಸಿದಳು. ಮೋಡ.

ಹೊರಗೆ ಒಂದು ಇಂಜಿನ್ ಹಬೆ ಬಿಡುತ್ತಿತ್ತು. ಇವರು ಮುಖ ಗೋಡೆಗೆ ತಿರುಗಿಸಿಕೊಂಡರು. ಒಂದೇ ಜೋಡಿ ಗಾಜು ಉಳಿದಿತ್ತು. ಮೇಲ್‌ಗೆ ಐವತ್ತು ನಿಮಿಷ. ಸಾಹೇಬರು ಕಾಗದಗಳನ್ನು ಜೋಡಿಸಿ ಮೇಜಿನ ಅಂಚಿಗೆ ಕುಟ್ಟಿದರು, ಮುಗಿಯಿತು ಎನ್ನುವ ಹಾಗೆ.

ನಾನು ಹೋಗಿ ಅವರ ಕೈಯಿಂದ ಹನ್ನೆರಡನೆಯ ಪುಟ ತೆಗೆದುಕೊಂಡೆ. ಕೇಳಿ ತೆಗೆದುಕೊಂಡೆನೋ ಹಾಗೇ ಎಳೆದೆನೋ ನೆನಪಿಲ್ಲ. ‘ಒಂದೇ ದಿಕ್ಕಿಗೆ’ ಎಂದು ಬರೆದಿದ್ದೆ. ನನಗೆ ಅದು ಸಾಕಾಗಿತ್ತು, ಏಕೆಂದರೆ ನಾನು ಲಾಲಮ್ಮನ ಕೈ ನೋಡಿದ್ದೆ. ತಾಜುನ್ನಿಸಾ ನೋಡಿಲ್ಲ. ಪೆನ್ನು ತೆಗೆದು ಕೆಳಗೆ ಬರೆದೆ: ‘ಪ್ರತಿ ಎಳೆತದ ಕೊನೆಗೆ ಬಟ್ಟೆಯನ್ನು ಗಾಜಿನಿಂದ ಪೂರ್ತಿ ಮೇಲೆತ್ತಿ, ಗಾಜನ್ನು ಮುಟ್ಟಿಸದೆ ಮೊದಲಿನ ಅಂಚಿಗೆ ತರತಕ್ಕದ್ದು. ಹಿಮ್ಮುಖವಾಗಿ ಒಮ್ಮೆ ಮುಟ್ಟಿದರೂ ಆ ಗಾಜು ಕೆಡುತ್ತದೆ.’

ತಾಜುನ್ನಿಸಾ ಅದನ್ನು ಟೈಪ್ ಮಾಡಿದಳು. ಟೈಪ್ ಮಾಡಿದ್ದನ್ನು ಓದಿದಳು. “ಅಚ್ಛಾ” ಎಂದಳು, ನನ್ನ ಕಡೆ ನೋಡದೆ, ಮತ್ತು ಕೊನೆಯ ಗಾಜನ್ನು ತೆಗೆದಳು.

ಇಪ್ಪತ್ತು ಎಳೆತಕ್ಕೆ ಲಾಲಮ್ಮ ಕಣ್ಣು ಬಿಟ್ಟಳು.

ಗಾಜು ತುಂಬಿ ತಂತಿ ಮುಟ್ಟಿಸಿದರೆ, ಐದು. ಕಪ್ಪಗೆ, ತುಂಬು ಐದು! ಸಾಹೇಬರೇ ಅದನ್ನು ಬ್ಯಾಟರಿ ಸಮೇತ ಹೊರಗೆ ಒಯ್ದು ಬಿಸಿಲಿನ ಬೆಂಚಿನ ಮೇಲಿಟ್ಟರು. ಅಲ್ಲಿ ಕೂತಿದ್ದ ಹಮಾಲ ಚಾಂದ್ ಬಗ್ಗಿ ನೋಡಿ, “ಐದನೇ ಪ್ಲಾಟ್‌ಫಾರಂ ಈ ಸ್ಟೇಷನ್ನಿನಾಗ ಎಲ್ಲದ ಸಾಬ್? ಯಾಕ ಮಂದೀಗಿ ದಾರಿ ತಪ್ಪಸ್ತೀರಿ?” ಎಂದ. ಇವರು ನಕ್ಕ ನಗು ನಿಲ್ಲಲೇ ಇಲ್ಲ. ಆಮೇಲೆ ನೋಡಿದರೆ ಅದು ನಗುವಾಗಿರಲಿಲ್ಲ.

ಮೇಲ್ ಬಂದಾಗ ಕಿಟಕಿಯಿಂದ ಸಾಹೇಬರು ಕೇಳಿದರು, “ಒಂದ್ ಮಾತು. ಈ ಒರಸೋದು ಯಾರ ಹುನ್ನರ್, ಯಾರ ಕೈಚಳಕ?”

ಇವರು ಉತ್ತರ ಕೊಡುವ ಮೊದಲು ನಾನೇ, “ಲಾಲಮ್ಮಂದ್ರಿ. ಇವರದು ದ್ರವ, ಕೈ ಆಕಿದು” ಎಂದೆ. ಇವರು ತಲೆಯಾಡಿಸಿದರು.

“ಹಂಗಿದ್ರ ಸಂಶೋಧಕಿ ಅಂತ ಆಕಿ ಹೆಸರೂ ದಾಖಲ್ ಆಗಬೇಕು. ಅದಕ್ಕ ಬ್ಯಾರೆ ಅರ್ಜಿ ಅದ, ಕಳಸ್ತೀನಿ. ಆಕಿ ಹೆಬ್ಬೆಟ್ಟು ಬೇಕು.”

ಗಾಡಿ ಹೊರಟಿತು. ಮದ್ರಾಸು ದೂರ. ಸೇತುವೆ, ಸಿಗ್ನಲ್ಲು, ಗುಮಾಸ್ತರು, ಏನು ಬೇಕಾದರೂ ಅಡ್ಡ ಬರಬಹುದು.

೨೨ ಜೂನ್, ಬುಧವಾರ

ಮದ್ರಾಸಿನಿಂದ ಸಾಹೇಬರ ಟೆಲಿಗ್ರಾಂ ಬಂತು. ‘ಸಲ್ಲಿಸಲಾಗಿದೆ. ಹದಿನೆಂಟು ಪುಟ, ಒಂದು ಸಾಲು ಹೆಚ್ಚು.’

೧೦ ಜುಲೈ, ಭಾನುವಾರ

ಸಾಹೇಬರ ಅರ್ಜಿ ಬಂದಿದೆ. ಊಟವಾದ ಮೇಲೆ ಅಂಗಳದಲ್ಲಿ ಕೂತೆವು. ಅತ್ತೆ ಶಾಯಿಯ ಪ್ಯಾಡು ತಂದರು.

ಲಾಲಮ್ಮ ಕೈ ಹಿಂದಕ್ಕೆ ಸರಿಸಿಕೊಂಡಳು. “ಕಾಗದ ನೋಡಿ ಯಾರಾರ ಮಾಡಬಹುದು ಅಂತೀರಿ. ಮತ್ತ ನಾ ಯಾಕ ಬೇಕು ನಿಮಗ?”

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವಳ ಕೈಯನ್ನು ತಕ್ಕಡಿಯಲ್ಲಿಟ್ಟು ತೂಗಿ ಊರಿಗೆಲ್ಲ ಕೊಟ್ಟವಳು ನಾನೇ. ಇವರು, “ಹದಿನಾಲ್ಕು ವರ್ಷ ನಮ್ಮನ್ನ ಕೇಳದ ಯಾರೂ ಮಾಡೋಹಂಗಿಲ್ಲ ಲಾಲವ್ವ. ನಮ್ಮನ್ನ ಅಂದ್ರ ನಿನ್ನೂ” ಎಂದರು. ಹೆಸರು ದಾಖಲಾದರೂ ಕಾನೂನಿನಲ್ಲಿ ಹಕ್ಕು ಬರುವುದು ಅರ್ಜಿದಾರರಿಗೆ ಮಾತ್ರ ಎಂದು ಸಾಹೇಬರು ಬರೆದದ್ದನ್ನು ನಾನು ಓದಿದ್ದೆ. ಹಾಗಾಗಿ ಅದನ್ನೂ ಹೇಳಿದೆ. ಇವರು ನನ್ನನ್ನು ನೋಡಿದರು. “ಹಂಗಾದ್ರ ಆ ಹಕ್ಕಿನಾಗ ಆಕಿ ಪಾಲು ಬ್ಯಾರೆ ಕಾಗದದ ಮ್ಯಾಲೆ ಬರಿ. ನಾ ಸಹಿ ಹಾಕ್ತೀನಿ” ಎಂದರು. ಅಲ್ಲೇ ಕೂತು ಬರೆದೆ. ಲಾಲಮ್ಮ ಕೊನೆಯ ಸಾಲಿನವರೆಗೂ ಓದಿಸಿ ಕೇಳಿಕೊಂಡು, ಆಮೇಲೆ ಬೆರಳು ಕೊಟ್ಟಳು.

ಹೆಬ್ಬೆಟ್ಟು ಒತ್ತಿದಾಗ ಕಾಗದದ ಮೇಲೆ ಮೂಡಿದ್ದು ಬರಿಯ ಕಪ್ಪು ಬೊಟ್ಟು. ಗೆರೆಯೇ ಇಲ್ಲ. ಇನ್ನೊಮ್ಮೆ ಒತ್ತಿಸಿದೆವು. ಎಡಗೈಯದು, ಆಮೇಲೆ ಬಲಗೈಯದು. ಎಲ್ಲ ನುಣ್ಣಗೆ, ಅವಳು ಪಾಲಿಶ್ ಮಾಡಿದ ಕಲ್ಲಿನ ಹಾಗೆ.

“ಎಲ್ಲಾ ತೊಟ್ಟಿ ನೀರಿಗಿ ಹ್ವಾದವು” ಎಂದಳು ಲಾಲಮ್ಮ, ತನ್ನ ಬೆರಳನ್ನು ತಾನೇ ಮೊದಲ ಸಲ ನೋಡುವವಳಂತೆ.

“ಇದನ್ನ ಮದ್ರಾಸಿನವ್ರು ಒಪ್ತಾರೋ ಇಲ್ಲೋ” ಎಂದರು ಇವರು.

ಪೆನ್ನು ಕೊಡಿ ಎಂದೆ. ಬೊಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಬರೆದೆ: ಇದು ಲಾಲಮ್ಮನ ಬಲಗೈ ಹೆಬ್ಬೆಟ್ಟು, ನನ್ನ ಎದುರು ಒತ್ತಿದ್ದು. ಮೂವತ್ತು ವರ್ಷ ಶಹಾಬಾದಿನ ಕಲ್ಲನ್ನು ಒದ್ದೆ ಬಟ್ಟೆಯಿಂದ ಉಜ್ಜಿ ಇದರ ಗೆರೆಗಳು ಸವೆದಿವೆ. ಹನ್ನೆರಡನೆಯ ಪುಟದಲ್ಲಿ ಹೇಳಿದ ಕೈ ಇದೇ. ಸಾಕ್ಷಿ, ವನಮಾಲಾ, ಗೊಲ್ಲಾಳಪ್ಪನವರ ಹೆಂಡತಿ.

ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿ, ಕನ್ನಡದಲ್ಲೂ ಹೇಳಿದೆ. ಅತ್ತೆಯ ಹುಬ್ಬು ಯಾಕೆ ಮೇಲೇರಿತೋ ಆಗ ತಿಳಿಯಲಿಲ್ಲ. ಈಗ ಬರೆಯುವಾಗ ಹೊಳೆಯುತ್ತಿದೆ, ಇವರ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ.

ಮುಂಬಯಿಯಿಂದ ಹನ್ನೆರಡು ಜೋಡಿ ಗಾಜು ಬಂದಿವೆ. ನಾಳೆ ಆರು ಅವಳು ಒರೆಸುತ್ತಾಳೆ, ಆರು ನಾನು.